ಕಿಲ್ಟಿಗೊಂದು ಕೋಟು

ವಾಟಿ ಗೆಡ್ಡೀಸನ ಶುಕ್ರವಾರ ಹಾಳಾದದ್ದು ಐದಂಗುಲ ಬಟ್ಟೆಯಿಂದ. ಕೋಟು ಅಷ್ಟು ಗಿಡ್ಡವಿದ್ದಿದ್ದರೆ ಅವನು ಆ ಬೆಳಿಗ್ಗೆ ಓಟ್ಸ್ ಗಂಜಿ ಕುಡಿದು, ಕನ್ನಡಿಯ ಮುಂದೆ ನಾಲ್ಕು ಸಲ ಗಂಟಲು ಸರಿಮಾಡಿಕೊಂಡು, ಮರುದಿನದ ಪಂದ್ಯಾಟಕ್ಕೆ ತಯಾರಾಗಿ ಕಾಲು ಚಾಚಿ ಕೂರಬಹುದಿತ್ತು.

ವಾಟಿಗೆ ಐವತ್ತೊಂದು ವರ್ಷ. ಇನ್ವರ್‌ಕೆಲ್ಲಿ ಬಂದರಿನ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತಾರು ವರ್ಷದಿಂದ ದಿನಕ್ಕೆರಡು ಸಲ ಬಂದರಿನ ಧ್ವನಿವರ್ಧಕದಲ್ಲಿ ಉಬ್ಬರವಿಳಿತದ ಹೊತ್ತನ್ನು ಕೂಗಿ ಹೇಳುವುದೂ ಅವನದೇ ಕೆಲಸ. ಕಂಠ ಚೆನ್ನಾಗಿತ್ತು. ಆದರೆ ಉಬ್ಬರ ಯಾವಾಗ ಬರುತ್ತದೆ ಎಂಬುದು ನಮ್ಮೂರಿನ ಮೀನುಗಾರರಿಗೆ ಅವನು ಹುಟ್ಟುವ ಮೊದಲೇ ಗೊತ್ತಿತ್ತು. ಹೀಗಾಗಿ ಅವನ ಮಾತನ್ನು ಗಮನವಿಟ್ಟು ಕೇಳುತ್ತಿದ್ದವು ಕಡಲಹಕ್ಕಿಗಳು ಮಾತ್ರ. ಅವೂ ಅರ್ಧಕ್ಕೇ ಎದ್ದುಹೋಗುತ್ತಿದ್ದವು.

ಹೀಗಿರುವಾಗ, ದಿಮ್ಮಿ ಎಸೆತ, ಪೈಪು ವಾದ್ಯ, ಕುಣಿತ ಎಲ್ಲ ಇರುವ ಊರಿನ ಬೇಸಿಗೆಯ ಪಂದ್ಯಾಟದಲ್ಲಿ ಮೂವತ್ತು ವರ್ಷ ಮೈಕು ಹಿಡಿದಿದ್ದ ಮುದುಕರು ಕೆನಡಾದಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ಬಂದರಿನ ಮುಖ್ಯಾಧಿಕಾರಿ ಕ್ಯಾಪ್ಟನ್ ಫಿಂಡ್ಲೇಟರ್ ಅವರೇ ಪಂದ್ಯಾಟದ ಸಮಿತಿಗೂ ಅಧ್ಯಕ್ಷರು. ಅವರು ವಾಟಿಯ ಮೇಜಿನ ಹತ್ತಿರ ಬಂದು ನಿಂತರು.

"ಗೆಡ್ಡೀಸ್, ಈ ಶನಿವಾರ ಮೈಕು ನೀನೇ ಹಿಡಿ. ಆದ್ರೆ ಉಡುಪು ಸರಿಯಾಗಿರಬೇಕು. ಕಿಲ್ಟು, ಅದಕ್ಕೆ ಒಪ್ಪೋ ಕೋಟು, ಕಾಲುಚೀಲ, ಎಲ್ಲ. ಅದಾಗದಿದ್ರೆ ಹೇಳು, ಲೀಸ್ಕ್ ಇದಾನೆ."

ಪಕ್ಕದ ಮೇಜಿನ ನೀಲ್ ಲೀಸ್ಕ್ ತಲೆಯೆತ್ತಿ ನಕ್ಕ. ಅವನ ಹತ್ತಿರ ಕಿಲ್ಟಿಗೆ ಹಾಕುವ ಕೋಟುಗಳೇ ಮೂರಿದ್ದವು. ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು, ಮದುವೆಗೊಂದು.

ವಾಟಿಯ ಹತ್ತಿರ ಅಪ್ಪನ ಕಾಲದ ಕಿಲ್ಟ್, ಅಂದರೆ ಗಂಡಸರು ಉಡುವ ಮೊಣಕಾಲುದ್ದದ ನೆರಿಗೆಲಂಗ, ಇತ್ತು. ಎಂಟು ಗಜ ಉಣ್ಣೆ, ನೆರಿಗೆ ಇನ್ನೂ ಕತ್ತಿಯಂತಿದ್ದವು. ಸೊಂಟದ ಮುಂದೆ ತೂಗುವ ತೊಗಲ ಚೀಲವೂ ಇತ್ತು. ಕೋಟೂ ಇತ್ತು ಎನ್ನಬಹುದು. ಆದರೆ ಆ ಕೋಟಿಗೂ ವಾಟಿಯ ಹೊಟ್ಟೆಗೂ ಹನ್ನೆರಡು ವರ್ಷದಿಂದ ಮಾತುಕತೆ ನಿಂತುಹೋಗಿತ್ತು. ಬಾಡಿಗೆಗೆ ಕೊಡುವ ಅಂಗಡಿಗೆ ಫೋನು ಮಾಡಿದರೆ, ಆ ವಾರ ಐದು ಮದುವೆ, ಮೂರು ಊರಿನ ಪಂದ್ಯಾಟ, ಉಳಿದಿರುವುದು ಏಳು ವರ್ಷದ ಮಗುವಿನ ಅಳತೆಯದೊಂದೇ ಎಂದರು. ವಾಟಿ ಒಂದು ನಿಮಿಷ ಅದರ ಬಗ್ಗೆಯೂ ಯೋಚಿಸಿದ.

ಕೊನೆಗೆ ಶುಕ್ರವಾರ ರಜೆ ಹಾಕಿ, ಬೆಳಿಗ್ಗೆ ಒಂಬತ್ತಕ್ಕೆ ಚರ್ಚಿನವರು ನಡೆಸುವ ಹಳೆ ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಂತ. ಹತ್ತು ನಿಮಿಷದಲ್ಲಿ ಕೋಟು ಸಿಕ್ಕಿತು. ಪಾಚಿ ಹಸಿರಿನ ಟ್ವೀಡ್ ಉಣ್ಣೆಬಟ್ಟೆ, ಕೊಂಬಿನ ಗುಂಡಿ, ಭುಜ ಮತ್ತು ಹೊಟ್ಟೆ ಎರಡೂ ಅವನಿಗೆಂದೇ ಹೊಲಿದಂತಿದ್ದವು. ಹಿಗ್ಗಿನಿಂದ ಮನೆಗೆ ಬಂದು, ಕಿಲ್ಟ್ ಉಟ್ಟು, ಅದರ ಮೇಲೆ ಕೋಟು ತೊಟ್ಟು, ಕನ್ನಡಿಯ ಮುಂದೆ ನಿಂತ.

ಕಿಲ್ಟ್ ಕಟ್ಟುವುದು ಹೊಕ್ಕುಳಿನ ಮಟ್ಟಕ್ಕೆ. ಅದರ ಮೇಲಿನ ಕೋಟು ಸೊಂಟದಲ್ಲೇ ನಿಂತು, ಮುಂದೆ ಎರಡೂ ಕಡೆ ಬಾಗಿ ಹಿಂದೆ ಸರಿದು, ತೊಗಲ ಚೀಲಕ್ಕೆ ದಾರಿ ಬಿಡಬೇಕು. ಈ ಕೋಟು ಯಾರಿಗೂ ದಾರಿ ಬಿಡುವ ಜಾತಿಯದಾಗಿರಲಿಲ್ಲ. ಪ್ಯಾಂಟಿನ ಮೇಲೆ ಹಾಕಲೆಂದು ಹೊಲಿದದ್ದು, ತೊಡೆಯವರೆಗೆ ಇಳಿದಿತ್ತು. ಅದರ ಕೆಳಗೆ ಕಿಲ್ಟು ಒಂದು ಗೇಣು ಇಣುಕುತ್ತಿತ್ತು. ಕನ್ನಡಿಯಲ್ಲಿ ಕಂಡವನು ಪೊಲೀಸರಿಗೆ ಹೆದರಿ ಹೆಂಡತಿಯ ಲಂಗ ಉಟ್ಟು ಪರಾರಿಯಾಗುತ್ತಿರುವ ಬ್ಯಾಂಕ್ ಮ್ಯಾನೇಜರಿನಂತಿದ್ದ.

ಬೆಳಕಿನಲ್ಲಾದರೂ ಸರಿ ಕಾಣಬಹುದೆಂದು ಹಿತ್ತಲಿಗೆ ಬಂದ. ಗೋಡೆಯಾಚೆ ಎಕ್ಕಿ ಬುಕನ್ ನಿಂತಿದ್ದ. ಎಕ್ಕಿ ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಅವನ ಕೆಲಸ ಗೋಡೆಗೆ ಒರಗಿ ನಿಲ್ಲುವುದು. ತಲೆಯ ಮೇಲೆ ಒಂದು ಚಪ್ಪಟೆ ಹಸಿರು ಟ್ವೀಡ್ ಟೋಪಿ. ಅದನ್ನು ಅವನು ತೆಗೆದದ್ದನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಚರ್ಚಿನಲ್ಲೂ ಕಂಡಿರಲಿಲ್ಲ, ಏಕೆಂದರೆ ಅವನು ಚರ್ಚಿಗೆ ಹೋಗುತ್ತಿರಲಿಲ್ಲ.

"ಏನಯ್ಯಾ ವಾಟಿ, ಮೈ ಹುಷಾರಿಲ್ವಾ?" ಎಂದ ಎಕ್ಕಿ.

"ಹುಷಾರಾಗೇ ಇದೀನಲ್ಲ. ಯಾಕೆ?"

"ಆಸ್ಪತ್ರೆಯಿಂದ ಬೇರೆಯವರ ಬಟ್ಟೆ ಹಾಕ್ಕೊಂಡು ಎದ್ದುಬಂದೋನ ಥರ ಕಾಣ್ತೀಯಾ."

"ಸ್ವಲ್ಪ ಉದ್ದ ಆಯ್ತು ಅಷ್ಟೆ. ಕತ್ತರಿಸಿದ್ರೆ ಸರಿಹೋಗುತ್ತೆ."

"ಯಾರನ್ನ?"

"ಕೋಟನ್ನ."

'ಕತ್ತರಿ' ಎಂಬ ಮಾತು ಮೂರನೆಯ ಮನೆಯ ಕಿಟಕಿಗೆ ಕೇಳಿಸಿತು. ಅಲ್ಲಿದ್ದವಳು ಸೆಂಗಾ. ಗಂಡ ಸತ್ತು ಹತ್ತು ವರ್ಷವಾಗಿತ್ತು; ಅದಕ್ಕೂ ಮುಂಚಿನಿಂದ ಬಂದರಿನ ಕಾರ್ಖಾನೆಯಲ್ಲಿ ದೋಣಿಗೆ ಹೊದಿಸುವ ತಾಡಪಾಲು ಹೊಲಿಯುತ್ತಿದ್ದವಳು. ಅವಳು ಹಾಕಿದ ಹೊಲಿಗೆ ಉತ್ತರ ಸಮುದ್ರದ ಬಿರುಗಾಳಿಗೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಅವಳ ಮನೆಯ ಕಿಟಕಿ ಪರದೆ ಸರಿಸಲು ಎರಡು ಕೈ ಬೇಕಾಗುತ್ತಿತ್ತು.

"ಇಲ್ಲಿ ಬಾ," ಎಂದಳು ಕಿಟಕಿಯಿಂದಲೇ. "ಎಕ್ಕಿ, ನೀನು ಬರಬೇಡ."

ಎಕ್ಕಿಯೂ ಬಂದ. ಅವನ ಹಿಂದೆ ಅವನ ನಾಯಿ ಬ್ರೋಸ್ ಬಂತು.

ಸೆಂಗಾ ವಾಟಿಯನ್ನು ಅಡುಗೆಮನೆಯ ಸ್ಟೂಲಿನ ಮೇಲೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಉಸಿರು ಬಿಡು. ಹೊಟ್ಟೆ ಎಳ್ಕೊಂಡಿದೀಯಾ. ನಾಳೆ ಆರು ಗಂಟೆ ಹೊತ್ತು ಎಳ್ಕೊಂಡೇ ಮೈಕಲ್ಲಿ ಮಾತಾಡ್ತೀಯಾ?"

ವಾಟಿ ಉಸಿರು ಬಿಟ್ಟ. ಸೆಂಗಾ ಅಳತೆ ಬದಲಿಸಿದಳು. ಆಮೇಲೆ ಸೀಮೆಸುಣ್ಣದಲ್ಲಿ, ಕೆಳಗಿನ ಗುಂಡಿಯಿಂದ ಹೊರಟು ಪಕ್ಕಕ್ಕೆ ಬಾಗುತ್ತ, ಬೆನ್ನಿನ ಕಡೆ ನೇರವಾಗುವ ಒಂದು ಗೆರೆ ಎಳೆದಳು.

"ಐದಂಗುಲ," ಎಂದಳು.

"ಆರು ತೆಗಿ," ಎಂದ ಎಕ್ಕಿ.

"ನೀನು ಬಸ್ಸಿಗೆ ಅಳತೆ ಹೇಳು, ಬಟ್ಟೆಗೆ ಬೇಡ. ಮೂವತ್ತೈದು ವರ್ಷ ಒಂದು ನಿಲ್ದಾಣದಲ್ಲಾದ್ರೂ ಗೆರೆ ಮೇಲೆ ನಿಲ್ಸಿದ್ಯಾ?"

ಕತ್ತರಿ ನಡೆಯಿತು. ಪಕ್ಕದ ಜೇಬುಗಳು ಗೆರೆಯ ಮೇಲೇ ಕೂತಿದ್ದವು. ಅವನ್ನು ಬಿಚ್ಚಿ ಮೇಲಕ್ಕೆ ಏರಿಸಿದ್ದಾಯಿತು. ಬೆನ್ನಿನ ಸೀಳನ್ನು ಮುಚ್ಚಿದ್ದಾಯಿತು. ಕೋಟಿನ ಕೆಳಭಾಗ ಹಾವಿನ ಪೊರೆಯಂತೆ ಕಳಚಿ ನೆಲಕ್ಕೆ ಬಿತ್ತು. ಅದರಿಂದಲೇ ಎರಡು ತುಂಡು ತೆಗೆದು ಸೆಂಗಾ ಭುಜಪಟ್ಟಿ ಹೊಲಿಯಲು ಕೂತಳು. ಹನ್ನೊಂದೂವರೆಗೆ ಕೋಟು ಮತ್ತೆ ವಾಟಿಯ ಮೈಮೇಲಿತ್ತು. ಅಂಚಿನ ಮಡಿಕೆಯೊಂದು ಬಾಕಿ.

ಸೆಂಗಾಳ ಮನೆಯ ಉದ್ದ ಕನ್ನಡಿಯಲ್ಲಿ ವಾಟಿ ತನ್ನನ್ನು ನೋಡಿಕೊಂಡ. ಚೀಲ ಇರಬೇಕಾದಲ್ಲಿ ಇತ್ತು. ನೆರಿಗೆ ಬೀಳಬೇಕಾದಲ್ಲಿ ಬೀಳುತ್ತಿತ್ತು. ನೋಡಿದವರು ಎರಡನೆಯ ಸಲ ನೋಡುವಂಥ ಒಬ್ಬ ಮನುಷ್ಯ ಎದುರಿಗೆ ನಿಂತಿದ್ದ. ಅವನಿಗೆ ಇದ್ದಕ್ಕಿದ್ದಂತೆ ಆಸೆಯಾಯಿತು. ಇಡೀ ಊರು ಒಂದು ದಿನ, ಒಂದೇ ಒಂದು ದಿನ, ತಾನು ಹೇಳಿದ್ದನ್ನು ಕೇಳಬೇಕು. ತಾನು 'ಈಗ ದಿಮ್ಮಿ ಎಸೆತ' ಎಂದರೆ ಎರಡು ಸಾವಿರ ತಲೆ ಆ ಕಡೆ ತಿರುಗಬೇಕು.

"ಮಹಾಜನಗಳೇ," ಎಂದ ಕನ್ನಡಿಗೆ.

ಆಗ ತೊಗಲ ಚೀಲದಲ್ಲಿದ್ದ ಅವನ ಫೋನು ಬಡಿದುಕೊಂಡಿತು.

"ಗೆಡ್ಡೀಸ್," ಎಂದಿತು ಕ್ಯಾಪ್ಟನ್ನರ ದನಿ. "ನೀನು ಇವತ್ತು ಹಳೆ ಬಟ್ಟೆ ಅಂಗಡೀಲಿ ಒಂದು ಕೋಟು ತಗೊಂಡೆಯಂತೆ. ಅಂಗಡಿಯವಳು ಹೇಳಿದ್ಲು."

"ಹೌದು ಕ್ಯಾಪ್ಟನ್. ನಾಳೆಗೆ ಅಂತಲೇ..."

"ಹಸಿರು ಟ್ವೀಡ್? ಕೊಂಬಿನ ಗುಂಡಿ? ಒಳಜೇಬಿನ ಪಕ್ಕ ಪೈಪಿನ ಕಿಡಿ ಬಿದ್ದು ಸುಟ್ಟ ಗುರುತು?"

ವಾಟಿ ಕೋಟಿನ ಒಳಗೆ ಬಗ್ಗಿ ನೋಡಿದ. ಗುರುತು ಇತ್ತು.

"ಅದು ನಮ್ಮಪ್ಪನ ಕೋಟಯ್ಯ. ನಲವತ್ತು ವರ್ಷ ಹಾಕಿದ್ರು. ನನ್ನ ಹೆಂಡ್ತಿ ನೋಡದೆ ಅಂಗಡಿಗೆ ಕೊಟ್ಟುಬಿಟ್ಟಿದಾಳೆ. ನನಗೆ ಅದು ಬೇಕೇ ಬೇಕು. ನೀನು ಅದಕ್ಕೆ ಏನೂ ಮಾಡಿಲ್ಲ ತಾನೆ?"

ಸೆಂಗಾ ಮೊಣಕಾಲೂರಿ ಕೂತು ಅಂಚಿನ ಕೊನೆಯ ಎಳೆಗಳನ್ನು ಕಚಕಚನೆ ಕತ್ತರಿಸುತ್ತಿದ್ದಳು.

"ಇಲ್ಲ ಕ್ಯಾಪ್ಟನ್," ಎಂದ ವಾಟಿ. "ಮೊಳೆಗೆ ತೂಗುಹಾಕಿದೀನಿ."

"ಸದ್ಯ! ಆರು ಗಂಟೆಗೆ ಮನೆಗೆ ತಂದುಕೊಡು. ನಾಳೆಯ ವಿಷಯಾನೂ ಅಲ್ಲೇ ಮಾತಾಡೋಣ."

ವಾಟಿ ಫೋನು ಕೆಳಗಿಟ್ಟ. ಕೋಟು ಯಾರದೆಂದು ಹೇಳಿದ. ಆರು ಗಂಟೆಗೆ ಹಿಂದಿರುಗಿಸಬೇಕೆಂದು ಹೇಳಿದ. ತಾನು ಏನು ಉತ್ತರ ಕೊಟ್ಟೆನೆಂಬುದು ಅವರಿಬ್ಬರಿಗೂ ಕೇಳಿಸಿತ್ತು.

"ನಿಜ ಹೇಳಿಬಿಡಪ್ಪ," ಎಂದ ಎಕ್ಕಿ.

"ನಿಜ ಹೇಳೋ ಹೊತ್ತು ಅರ್ಧ ನಿಮಿಷದ ಹಿಂದೆ ಇತ್ತು," ಎಂದಳು ಸೆಂಗಾ. "ಈಗ ಹೊಲಿಯೋ ಹೊತ್ತು. ಬಿಚ್ಚು ಕೋಟು."

ಕತ್ತರಿಸಲು ಅವಳಿಗೆ ಕಾಲು ಗಂಟೆ ಹಿಡಿದಿತ್ತು. ಕತ್ತರಿಸಿದ್ದನ್ನು ಕೂಡಿಸುವುದು ಅಷ್ಟು ಸುಲಭವಿರಲಿಲ್ಲ. ಮೊದಲು ಭುಜಪಟ್ಟಿಗಳನ್ನು ಬಿಚ್ಚಬೇಕಿತ್ತು. ಅವನ್ನು ಸೆಂಗಾ ತಾಡಪಾಲಿನ ದಾರದಲ್ಲಿ ಹೊಲಿದಿದ್ದಳು. ವಾಟಿ ಒಂದು ಪಟ್ಟಿ ಹಿಡಿದ, ಎಕ್ಕಿ ಇನ್ನೊಂದು ಹಿಡಿದ, ಸೆಂಗಾ ಬ್ಲೇಡು ಹಿಡಿದಳು. ಒಂದು ಗಂಟೆಯ ಹೊತ್ತಿಗೆ ಪಟ್ಟಿಗಳು ಸೋತವು.

"ಅಷ್ಟು ಗಟ್ಟಿಯಾಗಿ ಯಾಕೆ ಹೊಲಿದೆ ಮಾರಾಯ್ತಿ?" ಎಂದು ಎಕ್ಕಿ ಬೆರಳು ಚೀಪಿಕೊಂಡ.

"ಅರ್ಧಂಬರ್ಧ ಕೆಲಸ ನನಗೆ ಬರಲ್ಲ."

ತುಂಡುಗಳನ್ನು ಮೇಜಿನ ಮೇಲೆ ಅವುಗಳ ಸ್ಥಾನದಲ್ಲಿ ಜೋಡಿಸಿದರು. ಎಡಗಡೆಯ ಬಾಗು ಸರಿಹೋಯಿತು. ಬಲಗಡೆಯದೂ ಸರಿಹೋಯಿತು. ಬೆನ್ನಿನ ನಡುವೆ, ಸೀಳಿನ ಪಕ್ಕ, ಅಂಗೈ ಅಗಲದ ಒಂದು ಜಾಗ ಖಾಲಿ ಉಳಿಯಿತು. ಮೂವರೂ ಮೇಜಿನ ಕೆಳಗೆ ಹುಡುಕಿದರು. ಹೊಲಿಗೆಯಂತ್ರದ ಹಿಂದೆ ಹುಡುಕಿದರು. ಆಮೇಲೆ ಮೂವರಿಗೂ ಒಟ್ಟಿಗೇ ಹೊಳೆಯಿತು, ಬ್ರೋಸ್ ತುಂಬ ಹೊತ್ತಿನಿಂದ ಸದ್ದು ಮಾಡಿಲ್ಲ.

ಬ್ರೋಸ್ ಹಿತ್ತಲಿನ ಗಿಡಗಳ ಕೆಳಗೆ ಮಲಗಿತ್ತು. ಮುಖದಲ್ಲಿ ಸಮಾಧಾನವಿತ್ತು, ಮೀಸೆಯಲ್ಲಿ ಹಸಿರು ನೂಲಿತ್ತು. ಎಕ್ಕಿ ಅದರ ಬಾಯಿ ಅಗಲಿಸಿ ಒಳಗೆ ನೋಡಿದ.

"ಸಿಕ್ತಾ?" ಎಂದ ವಾಟಿ.

"ಸಿಗುತ್ತೆ. ಆದ್ರೆ ಆರು ಗಂಟೆ ಒಳಗೆ ಸಿಗಲ್ಲ."

ಒಳಗೆ ಬಂದು ಕೂತರು. ಸೆಂಗಾ ಹೊಗೆಯಾಡಿಸಿದ ಮೀನಿನ ಸೂಪು ಬಡಿಸಿದಳು. ಯಾರಿಗೂ ಗಂಟಲಲ್ಲಿ ಇಳಿಯಲಿಲ್ಲ, ಎಕ್ಕಿ ಮಾತ್ರ ಎರಡು ಬಟ್ಟಲು ಕುಡಿದ. ಸೆಂಗಾ ತನ್ನ ತುಂಡುಬಟ್ಟೆಯ ಪೆಟ್ಟಿಗೆಯನ್ನೆಲ್ಲ ಬುಡಮೇಲು ಮಾಡಿದಳು. ನೀಲಿ ತಾಡಪಾಲು, ಹಳದಿ ತಾಡಪಾಲು, ಗಂಡನ ಕಪ್ಪು ಸೂಟು. ಪಾಚಿ ಹಸಿರಿನ ಟ್ವೀಡ್ ಇಡೀ ಮನೆಯಲ್ಲಿ ಒಂದೇ ಕಡೆ ಇತ್ತು. ಅದು ಮೂರನೆಯ ಬಟ್ಟಲಿಗೆ ಸೌಟು ಹಾಕುತ್ತಿತ್ತು.

ತನ್ನ ತಲೆಯನ್ನೇ ಇಬ್ಬರೂ ನೋಡುತ್ತಿರುವುದು ಎಕ್ಕಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು. ಎರಡೂ ಕೈಯಿಂದ ಟೋಪಿ ಹಿಡಿದುಕೊಂಡ.

"ಆಗಲ್ಲ."

"ನಿನ್ನ ನಾಯಿ ತಿಂದಿದ್ದು," ಎಂದಳು ಸೆಂಗಾ.

"ನಾಯಿ ತಿಂದ್ರೆ ನಾನ್ಯಾಕೆ ತಲೆ ಕೊಡಬೇಕು?"

"ತಲೆ ಬೇಡ. ಅದರಿಂದ ಯಾರಿಗೂ ಉಪಯೋಗವಿಲ್ಲ. ಟೋಪಿ ಸಾಕು."

"ಎಕ್ಕಿ," ಎಂದ ವಾಟಿ. ದನಿ ಸಣ್ಣಗಿತ್ತು. "ನಾಳೆ ಒಂದಿನ ನಾನು ಮೈಕಲ್ಲಿ ಮಾತಾಡಬೇಕು ಕಣೋ. ಇಪ್ಪತ್ತಾರು ವರ್ಷದಿಂದ ಹಕ್ಕಿಗಳಿಗೆ ಹೇಳ್ತಾ ಇದೀನಿ."

ಎಕ್ಕಿ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಟೋಪಿ ತೆಗೆದು ಮೇಜಿನ ಮೇಲಿಟ್ಟ.

ಹುಬ್ಬಿನಿಂದ ಕೆಳಗೆ ಗಾಳಿ ಬಿಸಿಲಿಗೆ ಕೆಂಪಾದ ಮುಖ, ಮೇಲೆ ಬೇಯಿಸಿ ಸುಲಿದ ಮೊಟ್ಟೆ. ಎರಡೂ ಬೇರೆಬೇರೆ ಮನುಷ್ಯರವು ಎನ್ನುವಂತಿತ್ತು. ಸೆಂಗಾ ಮರ್ಯಾದೆಗೆ ಬೇರೆ ಕಡೆ ತಿರುಗಿದಳು. ಬಾಗಿಲಲ್ಲಿ ಬಂದು ನಿಂತ ಬ್ರೋಸ್‌ಗೆ ಅಂಥ ಮರ್ಯಾದೆ ಇರಲಿಲ್ಲ. ಯಜಮಾನನನ್ನು ಕಂಡು ಗುರ್ರೆಂದಿತು.

ಟೋಪಿಯ ತುಂಡು ಬೆನ್ನಿನ ಖಾಲಿ ಜಾಗದಲ್ಲಿ ಕೂತು, ನಾಲ್ಕೂವರೆಗೆ ಕೊನೆಯ ಹೊಲಿಗೆ ಬಿತ್ತು. ಜೇಬುಗಳನ್ನು ಮತ್ತೆ ಕೆಳಗಿಳಿಸಿ, ಅವುಗಳ ಮುಚ್ಚಳದ ಅಡಿಯಲ್ಲಿ ಕೂಡುಗೆರೆ ಅಡಗುವಂತೆ ಮಾಡಿದಳು. ಉಳಿದ ಕಡೆ ಹಲ್ಲುಜ್ಜುವ ಬ್ರಷ್ಷಿನಿಂದ ಉಣ್ಣೆಯನ್ನು ಕೆದರಿ ಗೆರೆಯ ಮೇಲೆ ಎಳೆದಳು. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದಾಗ ಅಡುಗೆಮನೆಯ ತುಂಬ ಹಬೆ ಎದ್ದಿತು. ಒದ್ದೆ ಕುರಿ, ಹಳೆ ತಂಬಾಕು, ಎಕ್ಕಿಯ ತಲೆಬೆವರು, ಮೂರೂ ವಾಸನೆ ಒಟ್ಟಿಗೆ ಬಂದವು.

ಸೆಂಗಾ ಕೋಟನ್ನು ಬಾಗಿಲಿಗೆ ತೂಗುಹಾಕಿ ಹಿಂದೆ ಸರಿದಳು. "ಮೂರು ಮಾರು ದೂರದಿಂದ ನೋಡಿದ್ರೆ ಏನೇನೂ ಗೊತ್ತಾಗಲ್ಲ."

"ಕ್ಯಾಪ್ಟನ್ ಮೂರು ಮಾರು ದೂರದಲ್ಲಿ ನಿಂತು ಕೋಟು ಹಾಕ್ಕೊಳ್ತಾರಾ?" ಎಂದ ವಾಟಿ.

ಕ್ಯಾಪ್ಟನ್ನರ ಮನೆ ಬಂದರಿನ ಮೇಲಿನ ಗುಡ್ಡದಲ್ಲಿತ್ತು. ವಾಟಿ ಪ್ಯಾಂಟು ತೊಟ್ಟು, ಕೋಟನ್ನು ಹ್ಯಾಂಗರಿನಲ್ಲಿ ಹಿಡಿದು, ಮಲಗಿದ ಮಗುವನ್ನು ಎತ್ತಿಕೊಂಡವನಂತೆ ಹತ್ತಿದ. ದಾರಿಯಲ್ಲಿ ಕಚೇರಿ ಮುಗಿಸಿ ಬರುತ್ತಿದ್ದ ಲೀಸ್ಕ್ ಎದುರಾದ.

"ಕೋಟು ಸಿಕ್ತಾ? ಭೇಷ್," ಎಂದು ಕಣ್ಣು ಕಿರಿದು ಮಾಡಿದ. "ಸ್ವಲ್ಪ ಉದ್ದ ಅಲ್ವಾ?"

ವಾಟಿ ತಲೆಯಾಡಿಸಿ ಮುಂದೆ ನಡೆದ. ಜೋರಾಗಿ ಮಾತಾಡಿದರೆ ಹೊಲಿಗೆ ಬಿಡಬಹುದೆಂಬ ಭಯ ಅವನಿಗಿತ್ತು.

ಬಾಗಿಲು ತೆಗೆದವರು ಕ್ಯಾಪ್ಟನ್ನರೇ. ಕಿಲ್ಟ್ ಉಟ್ಟು, ಕಾಲುಚೀಲ ಎಳೆದು, ಮೇಲೆ ಬರೀ ಅಂಗಿಯಲ್ಲಿ ನಿಂತಿದ್ದರು. ವಾಟಿಯ ಕೈಯಿಂದ ಕೋಟನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಅಲ್ಲೇ ತೊಟ್ಟು, ಹಜಾರದ ಕನ್ನಡಿಯ ಮುಂದೆ ಹೋದರು. ಅವರ ಹೆಂಡತಿ ರೋನಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

ವಾಟಿ ಗೋಡೆಯ ಮೇಲಿದ್ದ ಹವಾಮಾನದ ಯಂತ್ರ ನೋಡುತ್ತ ನಿಂತ. ಮುಳ್ಳು 'ಬದಲಾವಣೆ' ಎಂಬಲ್ಲಿತ್ತು.

ಕ್ಯಾಪ್ಟನ್ ಎಡಕ್ಕೆ ತಿರುಗಿದರು. ಬಲಕ್ಕೆ ತಿರುಗಿದರು. ಕೋಟಿನ ಅಂಚನ್ನು ಹಿಡಿದು ನೋಡಿದರು.

"ಉದ್ದ," ಎಂದರು ಕೊನೆಗೆ.

"ಮೊದಲು ಎಷ್ಟಿತ್ತೋ ಅಷ್ಟೇ ಇದೆ ಕ್ಯಾಪ್ಟನ್," ಎಂದುಬಿಟ್ಟ ವಾಟಿ.

"ಅದೇ ನಾನೂ ಹೇಳ್ತಿರೋದು. ಅಷ್ಟೇ ಇದೆ. ಅದೇ ಬಂದಿರೋ ಕಷ್ಟ." ಕ್ಯಾಪ್ಟನ್ ಹೆಂಡತಿಯ ಕಡೆ ತಿರುಗಿದರು. "ಅದನ್ನ ತಗೊಂಬಾ. ಇವನೂ ನೋಡಲಿ."

ರೋನಾ ಒಳಗಿನಿಂದ ಒಂದು ಬಟ್ಟೆ ತಂದು ಹಿಡಿದರು. ಪಟ್ಟೆಪಟ್ಟೆಯ ಫ್ಲಾನೆಲ್ ಪೈಜಾಮದ ಮೇಲಂಗಿ. ಸೊಂಟದ ಮಟ್ಟಕ್ಕೆ ಕತ್ತರಿಸಿ, ಮುಂದೆ ಎರಡೂ ಕಡೆ ಅಂದವಾಗಿ ಬಾಗಿಸಿ, ಹೆಗಲಿಗೆ ಭುಜಪಟ್ಟಿ ಕೂರಿಸಿ, ಪಟ್ಟಿಗೆ ಕೊಂಬಿನ ಗುಂಡಿ ಹಾಕಿತ್ತು.

"ಎರಡು ಚೀಲ ಇತ್ತು," ಎಂದರು ಕ್ಯಾಪ್ಟನ್. "ಒಂದು ಟೈಲರಿಗೆ, ಒಂದು ಹಳೆ ಬಟ್ಟೆ ಅಂಗಡಿಗೆ. ಇವಳು ಅದಲುಬದಲು ಮಾಡಿದ್ಲು. ನಮ್ಮಪ್ಪನ ಕೋಟು ಗಿಡ್ಡ ಮಾಡು, ನಾಳೆ ಕಿಲ್ಟ್ ಮೇಲೆ ಹಾಕ್ಕೊಳ್ತೀನಿ ಅಂತ ಚೀಟಿ ಬರೆದು ಟೈಲರಿಗೆ ಕಳಿಸಿದ್ದೆ. ಆ ಮನುಷ್ಯ ಚೀಟಿ ನೋಡಿದ, ಬಟ್ಟೆ ನೋಡಲಿಲ್ಲ. ಈಗ ನೋಡಿದ್ರೆ ಮಧ್ಯಾಹ್ನದ ಬಸ್ಸಿಗೆ ಸ್ಪೇನಿಗೆ ಅಂತ ರಜಕ್ಕೆ ಹೊರಟುಹೋಗಿದಾನೆ."

ವಾಟಿ ಮೇಲಂಗಿಯ ಬಾಗನ್ನು ಬೆರಳಿನಿಂದ ಸವರಿ ನೋಡಿದ.

"ನೀನು ಕಿಲ್ಟಿಗೆ ಅಂತಲೇ ತಗೊಂಡಿದ್ದೆಯಲ್ಲ, ಕತ್ತರಿಸಿಬಿಟ್ಟಿದ್ರೂ ನನಗೆ ಉಪಕಾರ ಆಗ್ತಿತ್ತು ನೋಡು," ಎಂದು ಕ್ಯಾಪ್ಟನ್ ನಿಟ್ಟುಸಿರಿಟ್ಟರು. "ಎಲ್ಲಿ ಹೊಟ್ಟೆ ಹತ್ರ ಅಗಲ ಮಾಡಿಬಿಟ್ಯೋ ಅಂತ ನನಗೆ ಹೆದರಿಕೆ ಇತ್ತು. ಆದ್ರೆ ನೀನು ಪ್ರಾಮಾಣಿಕ. ಮೊಳೆಗೆ ತೂಗುಹಾಕಿ ಸುಮ್ಮನಿದ್ದೆ."

ವಾಟಿ ಹವಾಮಾನದ ಯಂತ್ರಕ್ಕೆ ಕೈಯಾನಿಸಿ ನಿಂತ. ಈಗಲಾದರೂ ಹೇಳಿಬಿಡಬೇಕೆಂದು ಉಸಿರೆಳೆದುಕೊಂಡ. ಅಷ್ಟರಲ್ಲಿ ರೋನಾ ಕೊರಳಲ್ಲಿ ತೂಗುತ್ತಿದ್ದ ಕನ್ನಡಕ ಏರಿಸಿ, ಗಂಡನ ಹಿಂದೆ ಹೋಗಿ ಬಗ್ಗಿದರು. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಬಗ್ಗಿದ್ದರು. ಬೆರಳನ್ನು ಬಟ್ಟೆಯ ಮೇಲೆ ಮೆಲ್ಲಗೆ ಎಡದಿಂದ ಬಲಕ್ಕೆ ಎಳೆದರು. ಮೂಗು ಸ್ವಲ್ಪ ಹತ್ತಿರ ತಂದು ಮತ್ತೆ ದೂರ ಮಾಡಿದರು.

"ವಾಟಿಗೆ ಹೊಲಿಗೆ ಕೆಲಸ ಬರುತ್ತೆ ಅನ್ಸುತ್ತೆ ನನಗೆ," ಎಂದರು ನೆಟ್ಟಗಾಗಿ. "ಕೇಳಿ ನೋಡಿ."

"ಬರುತ್ತಾ?" ಎಂದರು ಕ್ಯಾಪ್ಟನ್.

"ಸ್ವಲ್ಪ," ಎಂದ ವಾಟಿ.

ರೋನಾ ಕತ್ತರಿ ತಂದು ಅವನ ಕೈಗಿಟ್ಟರು. ಕೋಟನ್ನು ಊಟದ ಮೇಜಿನ ಮೇಲೆ ಹಾಸಿದರು. ವಾಟಿ ಜೇಬುಗಳನ್ನು ಕೆಳಗಡೆ ಬಿಚ್ಚಿ ಮೇಲಕ್ಕೆ ಮಡಿಸಿ, ಕೆಳಗಿನ ಗುಂಡಿಯ ಹತ್ತಿರ ಬೆರಳಿಟ್ಟ. ಕೆದರಿದ ಉಣ್ಣೆಯ ಅಡಿಯಲ್ಲಿ ತಾಡಪಾಲಿನ ದಾರ ಬೆರಳಿಗೆ ತಾಕಿತು. ಅದರ ಪಕ್ಕದಲ್ಲೇ ಕತ್ತರಿ ಓಡಿಸಿದ. ಸೀಮೆಸುಣ್ಣವಿಲ್ಲ, ಅಳತೆಪಟ್ಟಿಯಿಲ್ಲ. ಮುಂದೆ ಬಾಗು, ಪಕ್ಕದಲ್ಲಿ ಇಳಿಜಾರು, ಬೆನ್ನಿನಲ್ಲಿ ನೇರ, ಮತ್ತೆ ಬಾಗು. ಎರಡು ನಿಮಿಷ ಹಿಡಿಯಲಿಲ್ಲ. ಐದಂಗುಲ ಬಟ್ಟೆ ಆ ದಿನ ಎರಡನೆಯ ಸಲ ನೆಲಕ್ಕೆ ಬಿತ್ತು. ರೋನಾ ಅದನ್ನು ಕೂಡಲೇ ಎತ್ತಿ ಏಪ್ರನ್ನಿನ ಜೇಬಿಗೆ ತುರುಕಿಕೊಂಡರು.

ಕ್ಯಾಪ್ಟನ್ ಕೋಟು ತೊಟ್ಟು ನೋಡಿದರು. ಚೀಲ ಇರಬೇಕಾದಲ್ಲಿ ಇತ್ತು. ಎಷ್ಟೋ ವರ್ಷ ಕಡಲಿನಲ್ಲಿದ್ದವರ ಕಣ್ಣು ಒದ್ದೆಯಾಗಿತ್ತು.

"ಅಳತೆ?" ಎಂದರು.

"ಕಣ್ಣಳತೆ, ಕ್ಯಾಪ್ಟನ್."

"ಅಪ್ಪ ಇದ್ದಿದ್ರೆ ನಿನ್ನ ಕೈ ಹಿಡಿದು ಕುಲುಕ್ತಿದ್ರು." ಅಪ್ಪನ ಪರವಾಗಿ ತಾವೇ ಹಿಡಿದು ಕುಲುಕಿದರು. "ಇಪ್ಪತ್ತಾರು ವರ್ಷ ಈ ಕೈಗೆ ನಾನು ಉಬ್ಬರವಿಳಿತದ ಲೆಕ್ಕ ಬರೆಸಿದೆನಲ್ಲಯ್ಯ!"

ವಾಟಿಗೆ ಎದೆ ಹಗುರಾಯಿತು. ದಿನವೆಲ್ಲ ಕಾಡಿದ ಗ್ರಹ ಬಿಟ್ಟಂತಾಯಿತು. "ಹಾಗಾದ್ರೆ ನಾಳೆಯ ವಿಷಯ..." ಎಂದ.

"ಅದನ್ನೇ ಹೇಳೋಕ್ ಹೊರಟೆ." ಕ್ಯಾಪ್ಟನ್ ಆಗಲೇ ಫೋನು ಎತ್ತಿ ಗುಂಡಿ ಒತ್ತುತ್ತಿದ್ದರು. "ಆ ಟೈಲರು ಇಡೀ ಸಮಿತಿಗೆ ಕೈಕೊಟ್ಟು ಹೋಗಿದಾನೆ. ಖಜಾಂಚಿದು ತೋಳು ಉದ್ದ, ಪಾದ್ರಿಗಳದು ಬೆನ್ನು ಬಿಗಿ. ಎಲ್ಲರಿಗೂ ಇವತ್ತೇ ನಿನ್ನ ಹತ್ರ ಬರೋಕೆ ಹೇಳ್ತೀನಿ. ನಾಳೆ ಮೈದಾನದ ಮೂಲೇಲಿ ನಿನಗೇ ಅಂತ ಒಂದು ಡೇರೆ. ಪೈಪು ಊದೋರು, ಕುಣಿಯೋರು, ದಿಮ್ಮಿ ಎಸೆಯೋರು, ಯಾರದೇನು ಹರಿದ್ರೂ ಅಲ್ಲಿಗೇ ಬರ್ತಾರೆ."

"ಕ್ಯಾಪ್ಟನ್, ಮೈಕು..."

"ಮೈಕು ಯಾರು ಬೇಕಾದ್ರೂ ಹಿಡೀತಾರೆ ಬಿಡಯ್ಯ. ಬಾಯಿ ಎಲ್ಲರಿಗೂ ಇದೆ. ಇಂಥ ಕೈ ಎಷ್ಟು ಜನಕ್ಕಿದೆ? ಲೀಸ್ಕ್ ನೋಡ್ಕೊಳ್ತಾನೆ." ಫೋನಿನ ಮೇಲೆ ಅಂಗೈ ಮುಚ್ಚಿ, ದೊಡ್ಡ ಚಿಂತೆಯೊಂದನ್ನು ಪರಿಹರಿಸುವವರಂತೆ ಸೇರಿಸಿದರು: "ನಿನಗೂ ಕೋಟಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಡೇರೆ ಒಳಗೆ ಯಾರು ನೋಡ್ತಾರೆ?"

ಬಾಗಿಲವರೆಗೆ ಬಂದ ರೋನಾ, ಅಂಚು ಮಡಿಸಲೆಂದು ಕೋಟನ್ನೂ, ಏಪ್ರನ್ನಿನ ಜೇಬಿನಲ್ಲಿದ್ದ ತುಂಡನ್ನೂ ಅವನಿಗೆ ಒಪ್ಪಿಸಿದರು.

"ನನ್ನಿಂದಾದಷ್ಟು ಸಹಾಯ ಮಾಡಿದೆ ವಾಟಿ," ಎಂದರು ದನಿ ತಗ್ಗಿಸಿ. "ಸ್ವಲ್ಪ ಜಾಸ್ತಿ ಆಗೋಯ್ತು ಅನ್ಸುತ್ತೆ."

ಏಳೂವರೆಯ ಹೊತ್ತಿಗೆ, ಬಿಸಿಲು ಇನ್ನೂ ಕಡಲಿನ ಮೇಲೆ ಹೊಳೆಯುತ್ತಿರುವಾಗಲೇ, ಸೆಂಗಾಳ ಮನೆಯ ಮುಂದೆ ಸಾಲು ನಿಂತಿತ್ತು. ಖಜಾಂಚಿ, ಪಾದ್ರಿ, ಬ್ಯಾಂಡಿನ ಇಬ್ಬರು, ಅವರ ಭಾವಮೈದುನರು, ಎಲ್ಲರ ತೋಳಿನ ಮೇಲೂ ಒಂದೊಂದು ಕೋಟು. ಬೋಳುತಲೆಯ ಒಬ್ಬ ಅಪರಿಚಿತ ಅವರನ್ನು ಸಾಲಾಗಿ ನಿಲ್ಲಿಸುತ್ತಿದ್ದಾನೆಂದು ಪಾದ್ರಿಗಳು ಅಂದುಕೊಂಡರು. ಅದು ಎಕ್ಕಿ ಎಂದು ಅವರಿಗೆ ತಿಳಿದದ್ದು ಅವನು ಬೈದ ಮೇಲೆ.

ಒಳಗೆ ಸೆಂಗಾ ಯಂತ್ರ ತುಳಿಯುತ್ತಿದ್ದಳು. ವಾಟಿ ಅಳೆಯುತ್ತಿದ್ದ, ಗುರುತು ಹಾಕುತ್ತಿದ್ದ, ಕತ್ತರಿಸುತ್ತಿದ್ದ. ಸಾಲಿನ ಕೊನೆಯಲ್ಲಿ ಬಂದವನು ಲೀಸ್ಕ್. ಹೊಚ್ಚಹೊಸ ಕೋಟು ಮೈಮೇಲೇ ಇತ್ತು, ಒಂದು ಸುಕ್ಕಿರಲಿಲ್ಲ.

"ನಂದೇನೂ ತೊಂದರೆ ಇಲ್ಲ, ಎಲ್ಲ ಸರಿಯಾಗೇ ಇದೆ," ಎಂದು ಲೀಸ್ಕ್ ಸ್ಟೂಲಿನ ಮೇಲೆ ಹತ್ತಿ ನಿಂತು, ಕನ್ನಡಿಯ ಕಡೆ ತಿರುಗಿ, ನಾಲ್ಕು ಸಲ ಗಂಟಲು ಸರಿಮಾಡಿಕೊಂಡ. "ಆದ್ರೂ ಕ್ಯಾಪ್ಟನ್ ಹೇಳಿದ್ರು. ನಾಳೆ ಎರಡು ಸಾವಿರ ಜನರ ಮುಂದೆ ನಿಲ್ಲೋನು ನೀನು, ಒಂದ್ಸಲ ಗೆಡ್ಡೀಸನ ಕೈ ಆಡಿಸ್ಕೊಂಡು ಬಾ ಅಂತ. ಹಿಂದುಗಡೆ ನೀನೇ ನೋಡಿ ಏನು ಬೇಕೋ ಮಾಡು. ನಾನು ತಿರುಗಿ ನೋಡಲ್ಲ."

ವಾಟಿ ಅವನ ಬೆನ್ನ ಹಿಂದೆ ಹೋಗಿ ನಿಂತ. ಕತ್ತರಿ ಎತ್ತಿಕೊಂಡ.

ಸೆಂಗಾ ಯಂತ್ರ ನಿಲ್ಲಿಸಿ ಎದ್ದು ಬಂದಳು. ಅವನ ಕೈಯಿಂದ ಕತ್ತರಿ ತೆಗೆದುಕೊಂಡು, ಕೋಟಿನ ಧೂಳು ತೆಗೆಯುವ ಬ್ರಷ್ಷನ್ನು ಕೊಟ್ಟಳು.